ಎಷ್ಟು ನೀರು ಬಿಟ್ರೂ ಮೇಡನ್‌ಹೇರ್ ಒಣಗ್ತಾನೇ ಇದೆ, ಸೆನ್ಸರ್ ಕೂಡ ‘ಒಣ’ ಅಂತಾನೇ ತೋರಿಸ್ತಿದೆ (ಅರ್ಜೆಂಟ್)

ಬಾಣೇರ್_ಬಾಲ್ಕನಿ · ಶನಿವಾರ, ರಾತ್ರಿ 10:42
ತಲೆ ಕೆಟ್ಟು ಹೋಗಿದೆ. ಮಳೆಗಾಲದಲ್ಲಿ ಕುಂಡದಿಂದ ಹೊರಗೆ ಚೆಲ್ಲೋ ಹಾಗೆ ಬೆಳೆದಿತ್ತು ನನ್ನ ಮೇಡನ್‌ಹೇರ್ ಜರಿಗಿಡ. ದಸರಾ ಆದ್ಮೇಲೆ ಅಂಚು ಕಂದು ಹಿಡಿಯೋಕೆ ಶುರುವಾಯ್ತು, ಈಗ ದೀಪಾವಳಿ ಮುಗಿದಿದೆ, ಅರ್ಧಕ್ಕಿಂತ ಜಾಸ್ತಿ ಬರೀ ಕಡ್ಡಿ. ನೇರ ಬಿಸಿಲಿಲ್ಲ, ಹುಳ ಇಲ್ಲ, ಗೊಬ್ಬರ ಸುರಿದಿಲ್ಲ. ನೀರಿಗಂತೂ ಕೊರತೆನೇ ಇಲ್ಲ. ಮಣ್ಣು ಒಣಗಿದ್ರೆ ಪಂಪ್ ತಾನೇ ಆನ್ ಆಗುತ್ತೆ, ಪ್ರೋಗ್ರಾಮ್ ನಾನೇ ಬರೆದಿದ್ದು. ವಿಚಿತ್ರ ಏನಂದ್ರೆ ಪಂಪ್ ಎಷ್ಟು ಬಿಟ್ರೂ ಗ್ರಾಫ್‌ನಲ್ಲಿ ಮಣ್ಣು ಒಣಗೇ ಇದೆ. ಒಂದು ಸಣ್ಣ ಜರಿಗಿಡ ಇಷ್ಟು ನೀರು ಕುಡಿಯುತ್ತಾ? ದೊಡ್ಡ ಪಂಪ್ ಹಾಕ್ಲಾ? ‘ನೆರಳಲ್ಲಿಡಿ, ಪ್ರೀತಿಯಿಂದ ಮಾತಾಡಿಸಿ’ ಅನ್ನೋ ಯೂಟ್ಯೂಬ್ ಉಪದೇಶ ದಯವಿಟ್ಟು ಬೇಡ.

ಟಿಡಿಎಸ್_ರಾಯರು · ರಾತ್ರಿ 10:58
ನೀರು ಯಾವುದು? ಕಾರ್ಪೊರೇಷನ್ನಾ, ಟ್ಯಾಂಕರ್ರಾ? ನಿಮ್ಮ ಕಡೆ ಟ್ಯಾಂಕರ್ ಅಂದರೆ ಬಹಳ ಸಲ ಬೋರ್ ನೀರು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ, ಎಷ್ಟಿದೆ ನೋಡಿ ಹೇಳಿ. ನಾನು ಜರಿಗಿಡಕ್ಕೆ 150 ದಾಟಿಸುವುದಿಲ್ಲ. ಮುಂಬೈಯವರಿಗೆ ಈ ಚಿಂತೆ ಇಲ್ಲ, ಅವರಿಗೆ ವೈತರಣಾ, ಭಾತ್ಸಾ ಕಡೆಯ ಕೆರೆ ನೀರು.

ಬಾಣೇರ್_ಬಾಲ್ಕನಿ · ರಾತ್ರಿ 11:05
ಆರ್‌ಒ ನೀರು ಸರ್. ಮುಂದಿನ ಥಿಯರಿ?

ಗಾಜಿನಪೆಟ್ಟಿಗೆ_ಮುಲುಂಡ್ · ರಾತ್ರಿ 11:20
ಇದು ಗಾಳಿಯ ತೇವಾಂಶದ ಸಮಸ್ಯೆ. ಕಣ್ಣು ಮುಚ್ಚಿ ಹೇಳ್ತೀನಿ. ಪುಣೆಯಲ್ಲಿ ಮಳೆ ಹೋದ ಕೂಡಲೇ ಗಾಳಿ ಒಣಗುತ್ತೆ, ಮಧ್ಯಾಹ್ನ ತೇವಾಂಶ 40 ಪರ್ಸೆಂಟ್ ಕೆಳಗೂ ಇಳಿಯುತ್ತೆ. ಮೇಡನ್‌ಹೇರ್‌ಗೆ ಕನಿಷ್ಠ 60 ಬೇಕು. ಎಷ್ಟು ತೋರಿಸ್ತಿದೆ?

ಬಾಣೇರ್_ಬಾಲ್ಕನಿ · ರಾತ್ರಿ 11:26
62. ಅಡುಗೆಮನೆ ಕಿಟಕಿ ಹತ್ರ ಇಟ್ಟಿದೀನಿ, ಇಡ್ಲಿ ಹಬೆ, ಕುಕ್ಕರ್ ಹಬೆ ಎಲ್ಲ ಸಿಗಲಿ ಅಂತ. ಸೆನ್ಸರ್ ಡಿಎಚ್‌ಟಿ11.

ಗಾಜಿನಪೆಟ್ಟಿಗೆ_ಮುಲುಂಡ್ · ರಾತ್ರಿ 11:28
ಡಿಎಚ್‌ಟಿ11! ಐದು ಪರ್ಸೆಂಟ್ ಆಚೆ ಈಚೆ ಆಗಬಹುದು ಅಂತ ಅದರ ಕಂಪನಿಯೇ ಬರೆದಿರುತ್ತೆ. ಅದನ್ನ ನಂಬಿಕೊಂಡು ಗಿಡ ಸಾಕ್ತಿದೀರಾ? ನನ್ನ ಮೂರಡಿ ಪೆಟ್ಟಿಗೆಯಲ್ಲಿ ಎರಡು ಎಸ್‌ಎಚ್‌ಟಿ31 ತೇವಾಂಶದ ಸೆನ್ಸರ್ ಇದೆ, ಒಂದು ಮೇಲೆ, ಒಂದು ಕೆಳಗೆ. ಮಂಜು ಎಬ್ಬಿಸೋ ಅಲ್ಟ್ರಾಸಾನಿಕ್ ಫಾಗರ್, ಹಿಂದೆ ಕಂಪ್ಯೂಟರ್ ಫ್ಯಾನ್, ಎಲ್ಲಾ ಪೈಥಾನ್‌ನಲ್ಲಿ ನಡೆಯುತ್ತೆ. 1829ರಲ್ಲಿ ಲಂಡನ್‌ನಲ್ಲಿ ನಥಾನಿಯಲ್ ವಾರ್ಡ್ ಅನ್ನೋ ವೈದ್ಯ ಪತಂಗದ ಕೋಶ ಒಡೆಯೋದು ನೋಡೋಕೆ ಬಾಟಲಿಯಲ್ಲಿ ಒದ್ದೆ ಮಣ್ಣು ಹಾಕಿ ಮುಚ್ಚಳ ಬಿಗಿದಿಟ್ಟ. ಒಳಗೆ ತಾನಾಗೇ ಜರಿಗಿಡ ಹುಟ್ಟಿತು. ಹೊರಗೆ ಕಲ್ಲಿದ್ದಲಿನ ಹೊಗೆಯಲ್ಲಿ ಸಾಯ್ತಿದ್ದ ಗಿಡಗಳು ಗಾಜಿನೊಳಗೆ ಬದುಕಿದವು. ಹೋಗಿ ಒಂದು ಗಾಜಿನ ಪೆಟ್ಟಿಗೆ ತನ್ನಿ.

ಧಾರವಾಡ_ಟು_ವಾಸ್ಕೊ · ರಾತ್ರಿ 11:47
ಡಿಎಚ್‌ಟಿ11 ಅಗ್ಗದ್ದು ಖರೆ, ಆದ್ರ ಐದು ಆಚೀಚೆ ಆತಂದ್ರ ಗಿಡ ಸಾಯಂಗಿಲ್ಲ ಬಿಡ್ರಿ. ನನಗ ಬ್ಯಾರೆನ ಸಂಶಯ ಐತಿ. ಬಾಣೇರ್ ಅವರ, ಬೋರ್ಡ್ ಯಾವ್ದು? ಮಣ್ಣಿನ ಸೆನ್ಸರ್ ಯಾವ್ದು? ಯಾವ ಪಿನ್ನಿಗೆ ಕೊಟ್ಟೀರಿ? ಗ್ರಾಫ್‌ನ್ಯಾಗ ಅಂಕಿ ಎಷ್ಟು ಬರ್ತದ? ಇದೇನೂ ಬರೀದs ‘ಪ್ರೋಗ್ರಾಮ್ ನಾನs ಬರದೀನಿ’ ಅಂದ್ರ ನಾವೇನು ಕಣಿ ಹೇಳೂಣೇನು?

ಶುದ್ಧಗಾಳಿ_ಪನ್ವೇಲ್ · ಭಾನುವಾರ, ಬೆಳಿಗ್ಗೆ 6:15
ರೂಟರ್ ಎಲ್ಲಿದೆ? ವೈಫೈ ಅಲೆಗಳಿಂದ ಮೊದಲು ಸಾಯುವುದು ಸೂಕ್ಷ್ಮ ಎಲೆಯ ಗಿಡಗಳು. ರಾತ್ರಿ ರೂಟರ್ ಆಫ್ ಮಾಡಿ ನೋಡಿ.

ಗಾಜಿನಪೆಟ್ಟಿಗೆ_ಮುಲುಂಡ್ · ಬೆಳಿಗ್ಗೆ 8:02
ಶುರುವಾಯ್ತು. ನನ್ನ ಪೆಟ್ಟಿಗೆ ರೂಟರ್ ಮೇಲೇ ಕೂತಿದೆ ಸ್ವಾಮಿ, ಒಳಗೆ ಕಾಡು ಇದೆ.

ಡೊಂಬಿವಲಿ_ಶೆಟ್ರು · ಬೆಳಿಗ್ಗೆ 8:40
ಅಡುಗೆಮನೆ ಕಿಟಕಿಯಾ ಮಾರಾಯ್ರೆ? ಹಬೆ ಸರಿ, ಒಗ್ಗರಣೆ ಹೊಗೆ? ಮೀನು ಕಾಯಿಸುವ ದಿನ ನಮ್ಮ ಗ್ಯಾಲರಿಯ ಕಂಬಿಗೂ ಎಣ್ಣೆ ಜಿಡ್ಡು ಹಿಡೀತದೆ. ಎಲೆ ಮುಟ್ಟಿ ನೋಡಿ, ಅಂಟು ಉಂಟಾ ಅಂತ.

ಬಾಣೇರ್_ಬಾಲ್ಕನಿ · ಬೆಳಿಗ್ಗೆ 9:30
ಅಂಟಿಲ್ಲ ಶೆಟ್ರೆ, ನಮ್ಮಲ್ಲಿ ಮೀನಿಲ್ಲ, ಚಿಮಣಿ ಇದೆ. ಧಾರವಾಡ ಸರ್: ಇಎಸ್‌ಪಿ32, ಕೆಪಾಸಿಟಿವ್ ಸೆನ್ಸರ್, ಎಲ್ಲರೂ ತಗೊಳ್ಳೋದೇ. ಸೆನ್ಸರ್ ಸರಿ ಇದೆ, ಮೊದಲು ಕೊತ್ತಂಬರಿ ಕುಂಡದಲ್ಲಿ ಟೆಸ್ಟ್ ಮಾಡಿದಾಗ ಸರಿಯಾಗೇ ಓದ್ತಿತ್ತು. ಹಾರ್ಡ್‌ವೇರ್ ಬಿಟ್ಟು ಗಿಡದ ಬಗ್ಗೆ ಮಾತಾಡೋಣ್ವಾ?

ಟಿಡಿಎಸ್_ರಾಯರು · ಬೆಳಿಗ್ಗೆ 9:41
ಆರ್‌ಒ ನೀರು ಅಂದಿರಿ. ಶುದ್ಧವಾಗಿ ಬರುವುದಾ, ಪಕ್ಕದ ಪೈಪಿನಲ್ಲಿ ಹೊರಗೆ ಹೋಗುವುದಾ?

ಬಾಣೇರ್_ಬಾಲ್ಕನಿ · ಬೆಳಿಗ್ಗೆ 9:44
ಹೊರಗೆ ಹೋಗೋದೇ. ಬಕೆಟ್‌ನಲ್ಲಿ ಹಿಡಿದು ಪಂಪ್ ಅದರಲ್ಲಿಟ್ಟಿದೀನಿ. ಕುಡಿಯೋ ನೀರು ಗಿಡಕ್ಕೆ ಯಾರು ಹಾಕ್ತಾರೆ?

ಟಿಡಿಎಸ್_ರಾಯರು · ಬೆಳಿಗ್ಗೆ 9:46
ನೋಡಿದಿರಾ! ಮುಗಿಯಿತು ಚರ್ಚೆ. ನಿಮ್ಮ ನಲ್ಲಿಯಲ್ಲಿದ್ದ ಉಪ್ಪು ಅಷ್ಟೂ ಸಾಂದ್ರವಾಗಿ ಆ ಬಕೆಟ್ಟಿಗೆ ಬೀಳುತ್ತಿದೆ. ಅದು ನೆಲ ಒರೆಸುವುದಕ್ಕೆ ಸರಿ. ಒಂದು ಮೀಟರ್ ಕೊಳ್ಳಿ, ನೂರಿನ್ನೂರು ರೂಪಾಯಿ. ಕುಂಡದ ಮಣ್ಣಿನ ಮೇಲೆ ಬಿಳಿ ಪುಡಿ ಇದೆಯೇ? ಇದ್ದರೆ ನಾನು ಹೇಳಿದ್ದೇ.

ಪೋಂಡಾ_ಪಾಚಿ · ಬೆಳಿಗ್ಗೆ 10:35
ರಾಯರೆ, ಆ ನೀರು ಕೆಟ್ಟದ್ದೇ, ಒಪ್ಪಿದೆ. ಆದರೆ ಉಪ್ಪಿನ ಪೆಟ್ಟು ಮೊದಲು ಎಲೆ ತುದಿಗೆ ಬೀಳ್ತದೆ, ಹೊಸ ಎಲೆ ಸಣ್ಣಗೆ ಬರ್ತಾ ಇರ್ತದೆ. ಇಲ್ಲಿ ಇಡೀ ಗಿಡ ಒಟ್ಟಿಗೇ ಹಿಂದೆ ಸರೀತಾ ಇದ್ದ ಹಾಗಿದೆ.

ಬಾಣೇರಿನವರೇ, ಒಂದೇ ಪ್ರಶ್ನೆ. ನಿಮ್ಮ ಗಿಡದ ಕಡ್ಡಿ ಕವಲೊಡೆದು ತ್ರಿಕೋನವಾಗಿ ಹರಡ್ತದಾ, ಅಥವಾ ಒಂದೇ ಕಡ್ಡಿಯ ಎರಡೂ ಬದಿಗೆ ಸಾಲಾಗಿ ಅರ್ಧಚಂದ್ರದಂಥ ಎಲೆಗಳಾ? ತುದಿ ಉದ್ದಕ್ಕೆ ಬಾಗಿ ಮಣ್ಣು ಮುಟ್ಟಿದಲ್ಲಿ ಮರಿ ಹುಟ್ಟಿತ್ತಾ?

ಬಾಣೇರ್_ಬಾಲ್ಕನಿ · ಬೆಳಿಗ್ಗೆ 10:50
ಎರಡನೇದು. ಒಂದೇ ಕಡ್ಡಿ, ಸಾಲು. ಪಕ್ಕದ ತುಳಸಿ ಕುಂಡಕ್ಕೂ ಹಾರಿ ಬೇರು ಬಿಟ್ಟಿತ್ತು. ಮೇಡನ್‌ಹೇರ್ ಮೇಡನ್‌ಹೇರೇ ಅಲ್ವಾ?

ಪೋಂಡಾ_ಪಾಚಿ · ಬೆಳಿಗ್ಗೆ 10:53
ಅಲ್ಲ. ಎಲ್ಲಿಂದ ತಂದಿದ್ದು?

ಬಾಣೇರ್_ಬಾಲ್ಕನಿ · ಬೆಳಿಗ್ಗೆ 11:10
ಜುಲೈನಲ್ಲಿ ತಾಮ್ಹಿಣಿ ಘಾಟ್ ಕಡೆ ಹೋಗಿದ್ವಿ. ರಸ್ತೆ ಪಕ್ಕದ ಕಲ್ಲಿನ ಸಂದಿಯಿಂದ.

ಗಾಜಿನಪೆಟ್ಟಿಗೆ_ಮುಲುಂಡ್ · ಬೆಳಿಗ್ಗೆ 11:14
ತಾಮ್ಹಿಣಿ ಅಭಯಾರಣ್ಯ ಗೊತ್ತಿದೆ ತಾನೆ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಲ್ಲಿಂದ ಗಿಡ ಕೀಳೋ ಹಾಗಿಲ್ಲ. ನಾನು ಎಲ್ಲಾ ನರ್ಸರಿಯಿಂದ ಬಿಲ್ ಸಮೇತ ತರ್ತೀನಿ.

ಬಾಣೇರ್_ಬಾಲ್ಕನಿ · ಬೆಳಿಗ್ಗೆ 11:20
ರಸ್ತೆ ಅಗಲ ಮಾಡೋಕೆ ಜೆಸಿಬಿ ಕೆರೆದು ರಾಶಿ ಹಾಕಿತ್ತು, ಅದರಲ್ಲಿ ಬಿದ್ದಿದ್ದನ್ನ ಎತ್ಕೊಂಡೆ. ಅಭಯಾರಣ್ಯದ ಬೋರ್ಡ್ ಇನ್ನೂ ಬಂದೇ ಇರ್ಲಿಲ್ಲ. ಲಾಯರ್‌ಗಿರಿ ಬೇಡ.

*(ಇಲ್ಲಿ ಕಾನೂನಿನ ಬಗ್ಗೆ ಬಂದ ಪೋಸ್ಟ್‌ಗಳನ್ನು ಬೇರೆ ಎಳೆಗೆ ಸರಿಸಿದ್ದೇನೆ. ಜಗಳ ಅಲ್ಲಿ ಮುಂದುವರಿಸಿ. – ನಿರ್ವಾಹಕ)*

ಪೋಂಡಾ_ಪಾಚಿ · ಮಧ್ಯಾಹ್ನ 12:25
ನರ್ಸರಿಯಲ್ಲಿ ಮೇಡನ್‌ಹೇರ್ ಅಂತ ಕೊಡೋದು ಹೆಚ್ಚಾಗಿ ಅಡಿಯಾಂಟಮ್ ರಾಡಿಯಾನಮ್, ದಕ್ಷಿಣ ಅಮೆರಿಕದ ಮೂಲದ್ದು, ನೀರು ತಪ್ಪದಿದ್ದರೆ ವರ್ಷವಿಡೀ ಹಸಿರು. ನಿಮ್ಮದು ಅಡಿಯಾಂಟಮ್ ಫಿಲಿಪೆನ್ಸ್. ನಮ್ಮ ಘಟ್ಟದ್ದೇ. ಮೊದಲ ಮಳೆ ಬಿದ್ದ ಮೇಲೆ ಕಲ್ಲುಗೋಡೆ, ಬಾವಿಕಟ್ಟೆ, ರಸ್ತೆ ಕಡಿದ ದರೆ, ಎಲ್ಲಾ ಕಡೆ ಏಳ್ತದೆ. ಮಳೆ ನಿಂತ ಮೇಲೆ ಎಲೆ ಒಣಗಿ ಉದುರ್ತದೆ, ಮಣ್ಣಿನೊಳಗಿನ ಸಣ್ಣ ಗಡ್ಡೆ ಜೀವ ಹಿಡ್ಕೊಂಡು ಮುಂದಿನ ಮಳೆವರೆಗೆ ಮಲಗಿರ್ತದೆ. ಇಲ್ಲಿ ಅನಮೋಡ್ ಘಾಟಿನ ದರೆಯಲ್ಲೂ ಈಗ ಹೋಗಿ ನೋಡಿದರೆ ಒಣ ಕಡ್ಡಿಯೇ. ಯಾರೂ ಅದಕ್ಕೆ ರೋಗ ಅನ್ನೋದಿಲ್ಲ.

ಹಾಗಾಗಿ ಒಣಗಿದ್ದು ನನಗೆ ಚಿಂತೆ ಅಲ್ಲ. ಮಲಗಿದ ಗಡ್ಡೆಗೆ ದಿನಾ ನೀರು ಬಿಡ್ತಾ ಇದ್ದೀರಲ್ಲ, ಅದು ಚಿಂತೆ. ಎಲೆ ಇಲ್ಲದ ಗಿಡ ನೀರು ಎಳೆಯೋದಿಲ್ಲ, ಕೊಳೀತದೆ. ಮಣ್ಣು ಏನು ಹಾಕಿದ್ದೀರಿ?

ಬಾಣೇರ್_ಬಾಲ್ಕನಿ · ಮಧ್ಯಾಹ್ನ 12:40
ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಆದ್ರೆ ಅಕ್ಕ, ಮಣ್ಣು ಒದ್ದೆ ಇದ್ರೆ ಪಂಪ್ ಓಡೋದೇ ಇಲ್ವಲ್ಲ? ಗ್ರಾಫ್ ಒಣ ಅಂತಿದೆ. 4095, ಎರಡು ತಿಂಗಳಿಂದ ಒಂದೇ ನೇರ ಗೆರೆ.

ಧಾರವಾಡ_ಟು_ವಾಸ್ಕೊ · ಮಧ್ಯಾಹ್ನ 12:43
ಅಯ್ಯ ದೇವರ! ಇದನ್ನ ನಿನ್ನೆ ರಾತ್ರಿನs ಹೇಳಬಾರದೇನ್ರಿ? ಒಂದೇ ನೇರ ಗೆರಿ ಅಂದ್ರ ಅದು ಮಣ್ಣಿನ ಲೆಕ್ಕ ಅಲ್ರಿ. 4095 ಅಂದ್ರ ಬೋರ್ಡ್ ತೋರಸೂ 12 ಬಿಟ್ಟಿನ ಸಂಖ್ಯಾದ ತುತ್ತತುದಿ. ನನ್ನ ಸೆನ್ಸರ್ ಬರೇ ಗಾಳ್ಯಾಗ ಹಿಡಿದ್ರೂ 3000ದ ಆಸುಪಾಸು ಬರ್ತದ. ಬೆರಳು ಹಾಕಿ ಮಣ್ಣು ಮುಟ್ಟಿ ನೋಡೀರೇನು? ಮತ್ತ ಪಿನ್ ಯಾವ್ದಂತ ಇನ್ನೂ ಹೇಳವಲ್ರಿ.

ಬಾಣೇರ್_ಬಾಲ್ಕನಿ · ಮಧ್ಯಾಹ್ನ 12:58
ಜಿಪಿಐಒ 26. ಬೆರಳು ಹಾಕಿದೆ, ಕೆಸರು. ಕೊತ್ತಂಬರಿಯಲ್ಲೂ ಇದೇ ಪಿನ್, ಇದೇ ಪ್ರೋಗ್ರಾಮ್. ಗಣಪತಿ ಹಬ್ಬದ ರಜೆಯಲ್ಲಿ ವೈಫೈ, ಡ್ಯಾಶ್‌ಬೋರ್ಡ್ ಸೇರಿಸಿದ್ದು ಬಿಟ್ರೆ ಏನೂ ಬದಲಾಯಿಸಿಲ್ಲ.

ಧಾರವಾಡ_ಟು_ವಾಸ್ಕೊ · ಮಧ್ಯಾಹ್ನ 1:06
ಅಲ್ಲೇ ಐತಿ ನೋಡ್ರಿ ಗಂಟು. ಇಎಸ್‌ಪಿ32ದಾಗ ಎರಡು ಎಡಿಸಿ ಇರ್ತಾವ, ಅಂದ್ರ ಸೆನ್ಸರಿನ ವೋಲ್ಟೇಜ್ ಅಳದು ಸಂಖ್ಯಾ ಮಾಡೂ ಭಾಗ. 26 ಎರಡನೇದಕ್ಕ ಸೇರಿದ್ದು. ವೈಫೈ ಚಾಲೂ ಆತಂದ್ರ ಎಡಿಸಿ2 ಅದರ ಕೈಗೆ ಹೋಗ್ತದ, ನಿಮ್ಮ ಪ್ರೋಗ್ರಾಮಿಗೆ ಖರೆ ಲೆಕ್ಕ ಸಿಗೂದಿಲ್ಲ. ಕೆಪಾಸಿಟಿವ್ ಸೆನ್ಸರಿನ್ಯಾಗ ಸಂಖ್ಯಾ ದೊಡ್ಡದಾದ್ರ ಒಣ, ಸಣ್ಣದಾದ್ರ ಹಸಿ. ಅಂವಾ 4095 ಅಂತ ಕೂತ, ನಿಮ್ಮ ಪಂಪ್ ‘ಒಣ ಐತಿ’ ಅಂತ ಬಿಡ್ತಾ ಹೋತು. ಸೆನ್ಸರ್ ವೈರ್ 32ರಿಂದ 39ರ ಒಳಗಿನ ಪಿನ್ನಿಗೆ ಹಾಕ್ರಿ, 34 ಛಲೋ. ಅವು ಎಡಿಸಿ1, ವೈಫೈ ಗೊಡವಿಗೆ ಬರೂದಿಲ್ಲ. ಇನ್ನೊಂದು, ಪಂಪಿಗೆ ದಿನಕ್ಕ ಇಷ್ಟs ಹೊತ್ತು ಅಂತ ಪ್ರೋಗ್ರಾಮಿನ್ಯಾಗ ಮಿತಿ ಹಾಕ್ರಿ. ಸೆನ್ಸರ್ ಹುಚ್ಚ ಆದ್ರೂ ಕುಂಡ ಕೆರಿ ಆಗಬಾರದು.

ಶುದ್ಧಗಾಳಿ_ಪನ್ವೇಲ್ · ಮಧ್ಯಾಹ್ನ 1:15
ವೈಫೈ ಎಂದು ಮೊದಲು ಹೇಳಿದವನು ನಾನು. ದಾಖಲೆಗೆ ಇರಲಿ.

ಧಾರವಾಡ_ಟು_ವಾಸ್ಕೊ · ಮಧ್ಯಾಹ್ನ 1:16
ನೀವು ಹೇಳಿದ್ದs ಬ್ಯಾರೆ, ಇಲ್ಲಿ ಆಗಿದ್ದs ಬ್ಯಾರೆ ರೀ!

ಡೊಂಬಿವಲಿ_ಶೆಟ್ರು · ಮಧ್ಯಾಹ್ನ 2:30
ಪೋಂಡಾ ಅಕ್ಕ ಹೇಳಿದ್ದು ನೂರಕ್ಕೆ ನೂರು. ನನ್ನ ಹತ್ರ ಊರಿಂದ ತಂದ ಮರಕೆಸು, ಅಂದರೆ ಮರದ ಮೇಲೆ ಬೆಳೆಯುವ ಕೆಸು ಉಂಟು, ಗ್ಯಾಲರಿಯಲ್ಲಿ ಮಾವಿನ ಕೊರಡಿಗೆ ತೆಂಗಿನ ನಾರು ಸುತ್ತಿ ಏರಿಸಿದ್ದು. ಆಟಿ ತಿಂಗಳಲ್ಲಿ ಪತ್ರೊಡೆಗೆ ಬೇಕಾದಷ್ಟು ಎಲೆ. ಚೌತಿ ಕಳೆದು ಸ್ವಲ್ಪ ದಿನಕ್ಕೆ ಎಲೆ ಹಳದಿ, ಆಮೇಲೆ ಏನೂ ಇಲ್ಲ, ಬರೀ ಕೊರಡು. ಸೊಸೈಟಿಯವರು ‘ಸತ್ತ ಮರ ಯಾಕೆ ಇಟ್ಟಿದ್ದೀರಿ’ ಅಂತ ಕೇಳ್ತಾರೆ. ನಾನು ನೀರು ಮುಟ್ಟಿಸುವುದೇ ಇಲ್ಲ. ಜೂನ್ ಮಳೆಗೆ ತನ್ನಷ್ಟಕ್ಕೆ ಬರ್ತದೆ.

ಟಿಡಿಎಸ್_ರಾಯರು · ಮಧ್ಯಾಹ್ನ 2:44
ಪತ್ರೊಡೆಗೆ ನೆಲದ ಕೆಸುವೇ ಸರಿ. ಮರಕೆಸು ಬರೀ ಹೆಸರಿಗೆ.

ಡೊಂಬಿವಲಿ_ಶೆಟ್ರು · ಮಧ್ಯಾಹ್ನ 2:47
ರಾಯರೆ, ನೀರಿನ ವಿಷಯ ನಿಮಗೆ ಬಿಟ್ಟೆ, ಪತ್ರೊಡೆ ನಮಗೆ ಬಿಡಿ. ನೆಲದ ಕೆಸು ಗಂಟಲು ಕೆರೆಯುವಷ್ಟು ಇದು ಕೆರೆಯುವುದಿಲ್ಲ. ಕೆಸುವಿನ ತುರಿಕೆ ಸೂಜಿಯಂಥ ಆಕ್ಸಲೇಟ್ ಹರಳಿನದ್ದು, ಹುಣಸೆಹುಳಿ ದಂಡಿಯಾಗಿ ಹಾಕಿ ಹಬೆಯಲ್ಲಿ ಚೆನ್ನಾಗಿ ಬೇಯಿಸಬೇಕು. ಅವಸರ ಮಾಡಿದರೆ ಯಾವ ಕೆಸುವೂ ಬಿಡುವುದಿಲ್ಲ.

ಬಾಣೇರ್_ಬಾಲ್ಕನಿ · ಸಂಜೆ 5:20
ಪತ್ರೊಡೆ ಆಮೇಲೆ. 34ಕ್ಕೆ ಹಾಕಿದೆ, ಈಗ 1400 ಚಿಲ್ಲರೆ ತೋರಿಸ್ತಿದೆ, ಪಂಪ್ ಓಡ್ತಿಲ್ಲ. ಕುಂಡ ಬಗ್ಗಿಸಿ ನೋಡಿದೆ, ಒಂದು ಕಡೆ ಗಡ್ಡೆ ಕಪ್ಪಾಗಿ ಮೆತ್ತಗಿದೆ, ಇನ್ನೊಂದು ಕಡೆ ಗಟ್ಟಿ ಇದೆ, ಕಂದು ಬಣ್ಣ. ಅಕ್ಕ, ಜೂನ್‌ವರೆಗೆ ಖಾಲಿ ಕುಂಡ ಇಟ್ಕೊಂಡು ಕೂರ್ಬೇಕಾ?

ಪೋಂಡಾ_ಪಾಚಿ · ಸಂಜೆ 6:05
ಹೌದು. ಮೆತ್ತಗಿನದ್ದನ್ನು ಚಾಕುವಿನಲ್ಲಿ ಕೊಯ್ದು ಬಿಸಾಡಿ, ಗಟ್ಟಿ ಭಾಗ ಮಾತ್ರ ಇಟ್ಕೊಳ್ಳಿ. ಕೋಕೋಪೀಟ್ ಪೂರ್ತಿ ತೆಗೆದು ಇಟ್ಟಿಗೆ ಚೂರು, ಮರಳು, ಸ್ವಲ್ಪ ಎಲೆಗೊಬ್ಬರ ಹಾಕಿ. ತಳದಲ್ಲಿ ತೂತು ಇರುವ ಮಣ್ಣಿನ ಕುಂಡ, ಮೇಲೆ ತೆಳ್ಳಗೆ ಗೊಬ್ಬರದ ಹೊದಿಕೆ. ಮೂಲೆಯಲ್ಲಿ ನೆರಳಲ್ಲಿಡಿ. ಪೂರಾ ಧೂಳಾಗೋದಕ್ಕೆ ಬಿಡಬೇಡಿ, ಆಗೊಮ್ಮೆ ಈಗೊಮ್ಮೆ ಸ್ವಲ್ಪ ಚಿಮುಕಿಸಿದರೆ ಸಾಕು, ಅದೂ ಕೈಯಲ್ಲಿ, ಒಳ್ಳೆ ನೀರು. ತುಳಸಿ ಕುಂಡಕ್ಕೆ ಹಾರಿದ ಮರಿ ಇದೆ ಅಂದಿರಲ್ಲ, ಅದನ್ನ ಕೀಳಬೇಡಿ. ಇದು ಕೈಕೊಟ್ಟರೆ ಅದು ಬರ್ತದೆ.

ಗಾಜಿನಪೆಟ್ಟಿಗೆ_ಮುಲುಂಡ್ · ಸಂಜೆ 6:30
ಪೆಟ್ಟಿಗೆಯಲ್ಲಿಟ್ಟು 75 ತೇವಾಂಶ, ದಿನಕ್ಕೆ 12 ಗಂಟೆ ಬೆಳಕು ಕೊಟ್ರೆ ಮಲಗೋದೇ ಇಲ್ಲ ಅಂತ ನನ್ನ ವಾದ.

ಪೋಂಡಾ_ಪಾಚಿ · ಸಂಜೆ 6:41
ಫಿಲಿಪೆನ್ಸ್ ನೀವು ಬೆಳೆಸಿದ್ದೀರಾ?

ಗಾಜಿನಪೆಟ್ಟಿಗೆ_ಮುಲುಂಡ್ · ಸಂಜೆ 6:44
ಇಲ್ಲ. ಬಿಲ್ ಸಮೇತ ಎಲ್ಲೂ ಸಿಗಲ್ಲ.

ಮಡಗಾಂವ್_ಮಲ್ಲಿಗೆ · ರಾತ್ರಿ 8:15
ಶೆಟ್ರೇ, ಮರಕೆಸುವಿನ ಮರಿಗಡ್ಡೆ ಇದ್ದರೆ ಕಳಿಸ್ತೀರಾ? ಕೊರಿಯರ್ ಖರ್ಚು ನನ್ನದು.

ಡೊಂಬಿವಲಿ_ಶೆಟ್ರು · ರಾತ್ರಿ 8:22
ಅಗತ್ಯ. ಮೈಯೆಲ್ಲ ಕೊಕ್ಕೆ ಇರುವ ಸಣ್ಣ ಸಣ್ಣ ಮರಿಗಡ್ಡೆ, ಬಟ್ಟೆಗೆ ಅಂಟಿಕೊಳ್ತದೆ. ಕಾಗದದಲ್ಲಿ ಸುತ್ತಿ ಕಳಿಸ್ತೇನೆ. ಅಡ್ರೆಸ್ ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶ ಮಾಡಿ.

ಟಿಡಿಎಸ್_ರಾಯರು · ರಾತ್ರಿ 8:50
ಬಾಣೇರಿನವರೇ, ಬಕೆಟ್ ನೀರಿನ ಟಿಡಿಎಸ್ ಇನ್ನೂ ಹೇಳಿಲ್ಲ.

ಬಾಣೇರ್_ಬಾಲ್ಕನಿ · ರಾತ್ರಿ 9:12
ಮೀಟರ್ ಆರ್ಡರ್ ಮಾಡಿದೀನಿ ಸರ್. ಅದರ ಜೊತೆ ಡಿಎಚ್‌ಟಿ11 ತೆಗೆದು ಎಸ್‌ಎಚ್‌ಟಿ31 ಹಾಕೋಣ ಅಂತ. ಒಂದು ಸಾಕಾ?

ಗಾಜಿನಪೆಟ್ಟಿಗೆ_ಮುಲುಂಡ್ · ರಾತ್ರಿ 9:13
ಎರಡು.