ಸ್ಲ್ಯಾಷರ್ ಚಿತ್ರಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಕಾಸರಗೋಡಿನಿಂದ:

ಮಾನ್ಯರೇ, ನಮ್ಮೂರಿನ ವಾಚನಾಲಯದಲ್ಲಿ ಈ ಶನಿವಾರ 1978ರ 'ಹ್ಯಾಲೋವೀನ್' ಚಿತ್ರದ ಪ್ರದರ್ಶನವಿದೆ. ಚಿತ್ರದ ಗುಣದೋಷಗಳನ್ನು ತಿಳಿಸುವ ಕರಪತ್ರದ ಮಲಯಾಳ ಪಾಠ ಸಿದ್ಧವಾಗಿದ್ದು, ಕನ್ನಡ ಪಾಠವನ್ನು ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡುವ ಹೊಣೆ ನನ್ನ ಮೇಲಿದೆ. ಕೊಲೆಗಾರನು ಒಬ್ಬರಾದ ಮೇಲೆ ಒಬ್ಬರನ್ನು ಕೊಲ್ಲುತ್ತಾ ಹೋಗುವ ಇಂಥ ಭಯದ ಚಿತ್ರಗಳ ಪ್ರಕಾರಕ್ಕೆ ಮಲಯಾಳದವರು ಇಂಗ್ಲಿಷಿನ 'ಸ್ಲ್ಯಾಷರ್' ಎಂದೇ ಬರೆದುಕೊಂಡಿದ್ದಾರೆ. ಕನ್ನಡಕ್ಕೆ 'ರಕ್ತಚಿತ್ರ', 'ಕೊಚ್ಚುಚಿತ್ರ' ಎಂಬ ಎರಡು ಸಲಹೆಗಳು ಬಂದಿವೆ. ರಕ್ತವನ್ನು ತೋರಿಸದೆಯೇ ಹೆದರಿಸುವುದು ಈ ಚಿತ್ರದ ಹೆಚ್ಚುಗಾರಿಕೆಯಾಗಿರುವಾಗ ಮೊದಲನೆಯದನ್ನು ಹೇಗೆ ಬಳಸಲಿ? ಕೊನೆಯವರೆಗೆ ಬದುಕುಳಿಯುವ ನಾಯಕಿಯನ್ನು ಕುರಿತ 'ಫೈನಲ್ ಗರ್ಲ್' ಎಂಬ ಪರಿಭಾಷೆಗೂ ಒಂದು ಪದ ಬೇಕಾಗಿದೆ.

ಮಂಜೇಶ್ವರದಿಂದ:

'ಕೊಚ್ಚುಚಿತ್ರ' ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಅರಿಸಮಾಸ, ಅದನ್ನು ಕೈಬಿಡಿ. ಅರ್ಥವೂ ಹೊಂದುವುದಿಲ್ಲ. ಕೊಚ್ಚುವುದೆಂದರೆ ಮತ್ತೆ ಮತ್ತೆ ಹೊಡೆದು ಚೂರಾಗಿಸುವುದು; ಇರಿಯುವುದು ಮೊನೆಯ ಕೆಲಸ; ಸೀಳುವುದು ಉದ್ದಕ್ಕೆ ಎರಡಾಗಿಸುವುದು. ಅಲಗನ್ನು ಎಳೆದು ಕತ್ತರಿಸುವುದಕ್ಕೆ ಕನ್ನಡದಲ್ಲಿರುವ ಧಾತು 'ಕೊಯ್'. ಪೈರನ್ನೂ ಕೊಯ್ಯುತ್ತೇವೆ, ಕತ್ತನ್ನೂ ಕೊಯ್ಯುತ್ತಾರೆ. ಸುಗ್ಗಿಗೆ ಮಲಯಾಳದವರು ಹೇಳುವ 'ಕೊಯ್ತ್' ಕೂಡ ಇದೇ ಮೂಲದ್ದು. 'ಸುಡುಗಾಡು' ಎಂಬಲ್ಲಿ ಧಾತುವಿನ ಮುಂದೆ ನಾಮಪದ ಬಂದು ಕಕಾರ ಗಕಾರವಾದಂತೆ 'ಕೊಯ್ಗೊಲೆ' ಎಂಬ ರೂಪ ಸಹಜವಾಗಿಯೇ ಸಿದ್ಧಿಸುತ್ತದೆ, ಮತ್ತು 'ಕೊಯ್ಗೊಲೆಯ ಚಿತ್ರ' ಎಂದು ಷಷ್ಠಿಯಲ್ಲಿ ಬರೆದರೆ ಅರಿಸಮಾಸಕ್ಕೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ನಿಷೇಧ ಅದನ್ನು ತಟ್ಟುವುದಿಲ್ಲ. ಕೊಯ್ಲು ಸಾಲಿನಿಂದ ಸಾಲಿಗೆ ಸರಿಯುವಂತೆ ಕೊಲೆಗಾರನು ಒಬ್ಬರಾದ ಮೇಲೆ ಒಬ್ಬರನ್ನು ಮುಗಿಸುತ್ತಾ ಹೋಗುವುದೇ ಈ ಪ್ರಕಾರದ ಕಟ್ಟಡ. ಮುಂದಿನ ಸರದಿ ಯಾರದೆಂದು ಪ್ರೇಕ್ಷಕ ಮೊದಲೇ ಊಹಿಸಿಬಿಡುವ ದೌರ್ಬಲ್ಯ ಹುಟ್ಟುವುದೂ ಅಲ್ಲಿಂದಲೇ.

'ಸ್ಲ್ಯಾಷರ್' ಎಂದೇ ಬರೆಯಿರಿ ಎನ್ನುವವರು ಒಂದು ಮಾತನ್ನು ಯೋಚಿಸಬೇಕು. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡ ತನ್ನ ಜಾಗವನ್ನು ಕೇಳಿ ಪಡೆಯಬೇಕಾಗಿದೆ. ಹಾಗೆ ಪಡೆದ ಜಾಗದಲ್ಲಿ, ಲಿಪಿಯೊಂದನ್ನು ಬಿಟ್ಟರೆ ಪಕ್ಕದ ಮಲಯಾಳ ಪಾಠಕ್ಕಿಂತ ಬೇರೆಯಲ್ಲದ ಪದಗಳನ್ನು ಅಚ್ಚುಮಾಡುವುದಾದರೆ ಕನ್ನಡ ಕರಪತ್ರವೇಕೆ ಬೇಕು?

ಬದಿಯಡ್ಕದಿಂದ:

'ಕೊಯ್ಗೊಲೆ' ವ್ಯಾಕರಣಕ್ಕೆ ಸರಿ, ಚಿತ್ರಕ್ಕೆ ತಪ್ಪು. ಅಲ್ಲಿ ಕತ್ತು ಹಿಸುಕುವುದಿದೆ, ಇರಿಯುವುದಿದೆ, ಕೊಯ್ಯುವುದು ಕಡಿಮೆ. ಧಾತುವಿನ ಬೆನ್ನುಹತ್ತಿದವರು ಚಿತ್ರವನ್ನು ನೋಡಿಲ್ಲವೆಂದು ತೋರುತ್ತದೆ.

ಪದಕ್ಕಿಂತ ಮುಖ್ಯವಾದದ್ದು ಕರಪತ್ರದಲ್ಲಿ ಬರಬೇಕಾದ ವಿಷಯ. ಇದಕ್ಕೆ ಹಾಕಿದ ಬಂಡವಾಳ ಸುಮಾರು 3 ಲಕ್ಷ ಡಾಲರ್, ಅಮೆರಿಕದ ಚಿತ್ರಕ್ಕೆ ತೀರ ಸಣ್ಣ ಮೊತ್ತ. ಅಂಗಡಿಯಲ್ಲಿ ಸಿಗುತ್ತಿದ್ದ, 'ಸ್ಟಾರ್ ಟ್ರೆಕ್' ಧಾರಾವಾಹಿಯ ನಾಯಕ ಕ್ಯಾಪ್ಟನ್ ಕರ್ಕ್‌ನ ಮುಖವಾಡಕ್ಕೆ ಬಿಳಿ ಬಣ್ಣ ಬಳಿದು ಕೊಲೆಗಾರನಿಗೆ ತೊಡಿಸಿದರು. ಭಾವವೇ ಇಲ್ಲದ ಆ ಮುಖ ಹುಟ್ಟಿಸುವ ಭಯವನ್ನು ದುಬಾರಿ ಪ್ರಸಾಧನ ಹುಟ್ಟಿಸುತ್ತಿರಲಿಲ್ಲ. ಸಂಗೀತವನ್ನು ನಿರ್ದೇಶಕ ಜಾನ್ ಕಾರ್ಪೆಂಟರ್ ತಾನೇ ರಚಿಸಿದ. ಐದು ಎಣಿಕೆಯ ಆ ಪಿಯಾನೊ ನಡೆ ಕೇಳುಗನನ್ನು ನೆಮ್ಮದಿಯಾಗಿ ಕೂರಗೊಡುವುದಿಲ್ಲ. ಕೊರತೆಯೂ ಕಣ್ಣಿಗೆ ಬೀಳುತ್ತದೆ: ಕಥೆ ಇಲಿನಾಯ್‌ನ ಶರತ್ಕಾಲದಲ್ಲಿ ನಡೆಯುತ್ತದೆ, ಚಿತ್ರೀಕರಣವಾದದ್ದು ಕ್ಯಾಲಿಫೋರ್ನಿಯದ ವಸಂತದಲ್ಲಿ. ಎಲೆಗಳಿಗೆ ಬಣ್ಣ ಹಚ್ಚಿ ಉದುರಿಸಿದರೂ ತಾಳೆಮರಗಳು ಚೌಕಟ್ಟಿನೊಳಗೆ ಉಳಿದುಬಿಟ್ಟಿವೆ. ಪೋಷಕ ಪಾತ್ರಗಳಾದ ಹುಡುಗಿಯರ ಮಾತುಕತೆ ಸಪ್ಪೆಯೆಂದು ನನ್ನ ಅಭಿಪ್ರಾಯ. ಇಷ್ಟನ್ನು ತಿಳಿಗನ್ನಡದಲ್ಲಿ ಹೇಳಿದರೆ 'ಸ್ಲ್ಯಾಷರ್' ಎಂಬ ಒಂದು ಎರವಲಿನಿಂದ ಕನ್ನಡ ಕೆಡುವುದಿಲ್ಲ. ಬಸ್ಸು, ಸಿನೆಮಾಗಳನ್ನು ಒಪ್ಪಿಕೊಂಡ ಭಾಷೆಯಿದು.

ಮಂಜೇಶ್ವರದಿಂದ:

ಇಂಗ್ಲಿಷಿನ 'ಸ್ಲ್ಯಾಷ್' ಎಂಬುದಕ್ಕೂ ಕತ್ತು ಹಿಸುಕುವ ಅರ್ಥವಿಲ್ಲ. ಪ್ರಕಾರದ ಹೆಸರು ಒಂದೊಂದು ಕೊಲೆಗೂ ಹೊಂದಬೇಕೆಂಬ ವಾದವನ್ನು ಕನ್ನಡ ಪದಕ್ಕೆ ಮಾತ್ರ ಹೂಡುವುದು ನ್ಯಾಯವಲ್ಲ. ಬಸ್ಸು ಬಂದಾಗ ನಮ್ಮಲ್ಲಿ ಬಸ್ಸು ಇರಲಿಲ್ಲ. ಕೊಯ್ಯುವ ಕ್ರಿಯೆ ಇತ್ತು, ಪದವೂ ಇತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

'ಫೈನಲ್ ಗರ್ಲ್' ಎಂಬುದಕ್ಕೆ 'ಉಳಿದಾಕೆ' ಸಾಕು. ಹಿಂದೆ 'ಕೊನೆಯ' ಎಂದು ಸೇರಿಸಬೇಕಾಗಿಲ್ಲ, ಉಳಿಯುವುದರಲ್ಲಿಯೇ ಅದು ಅಡಗಿದೆ.

ಕಾಸರಗೋಡಿನಿಂದ:

ಇಬ್ಬರಿಗೂ ಕೃತಜ್ಞತೆಗಳು. 'ಉಳಿದಾಕೆ'ಯನ್ನು ಹಾಗೆಯೇ ತೆಗೆದುಕೊಂಡಿದ್ದೇನೆ. ಮೊದಲ ವಾಕ್ಯವನ್ನು ಹೀಗೆ ಬರೆದಿದ್ದೇನೆ: "ಸ್ಲ್ಯಾಷರ್ ಎಂದು ಹೆಸರಾದ ಕೊಯ್ಗೊಲೆಯ ಚಿತ್ರಗಳಲ್ಲಿ, ಕಡಿಮೆ ಬಂಡವಾಳದಲ್ಲಿ ತಯಾರಾಗಿ, ರಕ್ತಕ್ಕಿಂತ ಹೆಚ್ಚಾಗಿ ಕಾಯಿಸುವಿಕೆಯಿಂದಲೇ ಭಯ ಹುಟ್ಟಿಸುವ ಚಿತ್ರವಿದು." ಮುಂದಿನ ವಾಕ್ಯಗಳಲ್ಲಿ 'ಕೊಯ್ಗೊಲೆ' ಒಂದನ್ನೇ ಬಳಸುತ್ತೇನೆ. ತಾಳೆಮರಗಳ ವಿಷಯವನ್ನೂ ಸೇರಿಸಿದ್ದೇನೆ. 'ಕಾಯಿಸುವಿಕೆ' ಎಂಬುದು ನೀರು ಕಾಯಿಸುವುದನ್ನು ನೆನಪಿಸುತ್ತದೆಂದು ಯಾರಿಗಾದರೂ ಅನ್ನಿಸಿದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕಾಗಿ ವಿನಂತಿ.