ಮರುಬಿಡುಗಡೆಯಾದ ಗೇಮನ್ನು ಯಾವುದರ ಎದುರು ಇಟ್ಟು ಅಳೆಯಬೇಕು?

ಪ್ರಶ್ನೆ: ಅಟ್ಟದ_ಕನ್ಸೋಲ್

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಕನ್ನಡದಲ್ಲಿ ವಿಡಿಯೊ ಗೇಮ್‌ಗಳ ವಿಮರ್ಶೆ ಬರೆಯುತ್ತಿದ್ದೇನೆ. ಹೊಸ ಗೇಮ್ ಬಗ್ಗೆ ಬರೆಯುವಾಗ ಎದುರಾಗದ ತೊಡಕೊಂದು ಹಳೆಯ ಗೇಮ್ ಮತ್ತೆ ಬಿಡುಗಡೆಯಾದಾಗ ಎದುರಾಗುತ್ತದೆ. ದೈತ್ಯರ ಮೈಯೇರಿ ಅವರನ್ನು ಕೊಲ್ಲುವ ಗೇಮ್ ‘ಶ್ಯಾಡೋ ಆಫ್ ದ ಕೊಲೋಸಸ್’ ಮೊದಲು ಬಂದದ್ದು 2005ರಲ್ಲಿ, ಸೋನಿಯ ಪ್ಲೇಸ್ಟೇಷನ್ 2 ಕನ್ಸೋಲ್‌ಗೆ. 2011ರಲ್ಲಿ ಪ್ಲೇಸ್ಟೇಷನ್ 3ಕ್ಕೆ ರೀಮಾಸ್ಟರ್ ಆಯಿತು, ಅಂದರೆ ಅದೇ ಗೇಮ್ ಚಿತ್ರ ತಿದ್ದಿಕೊಂಡು ಬಂತು; 2018ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಚಿತ್ರಗಳನ್ನೆಲ್ಲ ಹೊಸದಾಗಿ ಕಟ್ಟಿದ ರೀಮೇಕ್ ಬಂತು. ಈ ಎರಡೂ ಕೆಲಸ ಬ್ಲೂಪಾಯಿಂಟ್ ಸ್ಟುಡಿಯೊದ್ದು.

ರೀಮೇಕ್ ಆಡಿ ಮುಗಿಸಿ, “ಹಳೆಯದರಲ್ಲಿ ದೈತ್ಯರ ಹೆಜ್ಜೆಗಿದ್ದ ಭಾರ ಇದರಲ್ಲಿಲ್ಲ” ಎಂದು ಬರೆದಿಟ್ಟೆ. ಮನಸ್ಸಿಗೆ ಏಕೋ ಅನುಮಾನ ಬಂದು ಅಟ್ಟದಿಂದ ಹಳೆಯ ಕನ್ಸೋಲ್ ಇಳಿಸಿ, ಧೂಳು ಒರೆಸಿ, ಅದೇ ಮೊದಲ ದೈತ್ಯನ ಮುಂದೆ ನಿಂತೆ. ಅವನು ಕಾಲು ಊರಿದಾಗಲೆಲ್ಲ ಚಿತ್ರ ತಡವರಿಸುತ್ತಿತ್ತು. ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮ್‌ಗಳ, ಸಂಖ್ಯೆ ಕಣ್ಣಿಗೆ ಕಾಣುವಷ್ಟು ಕುಸಿಯುತ್ತಿತ್ತು. ನಾನು ಇಷ್ಟು ವರ್ಷ ಭಾರವೆಂದು ನೆನಪಿಟ್ಟುಕೊಂಡದ್ದರಲ್ಲಿ ಒಂದಿಷ್ಟು ಪಾಲು ಯಂತ್ರದ ದಣಿವೇ ಆಗಿತ್ತು. ಅದನ್ನು ಗೇಮಿನ ಗುಣವೆಂದು ಎಣಿಸಬೇಕೆ, ಮಿತಿಯೆಂದು ಬಿಡಬೇಕೆ? ನೀವೆಲ್ಲ ಯಾವುದನ್ನು ಅಳತೆಗೋಲು ಮಾಡಿಕೊಳ್ಳುತ್ತೀರಿ?

ಉತ್ತರ: 240_ಫ್ರೇಮ್

ಮೊದಲಿಗೆ, ಬರೆದದ್ದನ್ನು ಪ್ರಕಟಿಸುವ ಮುನ್ನ ಹಳೆಯ ಕನ್ಸೋಲ್ ಇಳಿಸಿ ನೋಡಿದಿರಲ್ಲ, ವಿಮರ್ಶಕರಲ್ಲಿ ಬಹಳ ಮಂದಿ ಅಷ್ಟನ್ನು ಮಾಡುವುದಿಲ್ಲ. ನೆನಪು ಸಾಕ್ಷಿಯಾಗಬಹುದು, ಅಳತೆಗೋಲಾಗಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ದೇಶದವರ ನೆನಪಿನಲ್ಲಿ ಇನ್ನೊಂದು ತೊಡಕೂ ಇದೆ. ಇಲ್ಲಿ ಅಧಿಕೃತವಾಗಿ ಮಾರಾಟವಾಗುತ್ತಿದ್ದ ಪ್ಲೇಸ್ಟೇಷನ್ 2 ಡಿಸ್ಕ್‌ಗಳು ಪಿಎಎಲ್ ಎಂಬ ಟಿವಿ ಪದ್ಧತಿಗೆ ಮಾಡಿದ ಆವೃತ್ತಿಯವು. ಜಪಾನ್ ಮತ್ತು ಅಮೆರಿಕದಲ್ಲಿ ಟಿವಿ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತಿದ್ದರೆ ಪಿಎಎಲ್ ಟಿವಿಯಲ್ಲಿ ಅದು 50 ಬಾರಿ. ಆ ವ್ಯತ್ಯಾಸಕ್ಕೆ ತಕ್ಕಂತೆ ತಿದ್ದದೆ ಹೊರತಂದ ಗೇಮ್‌ಗಳು ಆರನೇ ಒಂದು ಭಾಗದಷ್ಟು ನಿಧಾನವಾಗಿ ಓಡುತ್ತಿದ್ದವು, ಸಂಗೀತವೂ ಹಲವೆಡೆ ಎಳೆದಂತೆ ಕೇಳಿಸುತ್ತಿತ್ತು. ಹಳೆಯ ಗೇಮ್‌ಗಳನ್ನು ತುಂಬಿಕೊಂಡು 2018ರ ಡಿಸೆಂಬರಿನಲ್ಲಿ ಬಂದ ಪುಟ್ಟ ಕನ್ಸೋಲ್ ಪ್ಲೇಸ್ಟೇಷನ್ ಕ್ಲಾಸಿಕ್‌ನ 20 ಗೇಮ್‌ಗಳ ಪೈಕಿ 9 ಈ 50 ಹರ್ಟ್ಸ್ ಆವೃತ್ತಿಯವೇ ಆಗಿದ್ದವು. ಅದಕ್ಕೆ ಅಮೆರಿಕದ ಆಟಗಾರರು ಬೇಸರಪಟ್ಟದ್ದು ಸಹಜವೇ. ಆದರೆ ಆ ನಿಧಾನಗತಿಯಲ್ಲೇ ಬೆಳೆದ ನಮ್ಮ ಕೈಗೆ ಸರಿಯಾದ ವೇಗವೇ ತಪ್ಪೆಂದು ಅನಿಸುವ ಸಾಧ್ಯತೆಯಿದೆ. ಹಾಗಾಗಿ ಯಾವ ಆವೃತ್ತಿಯ ಜೊತೆ ಹೋಲಿಸುತ್ತಿದ್ದೇವೆ ಎಂಬುದನ್ನು ವಿಮರ್ಶೆಯ ಆರಂಭದಲ್ಲೇ ಹೇಳಬೇಕು.

ಬಟನ್ ಒತ್ತಿದ ಮೇಲೆ ಗೇಮ್ ಎಷ್ಟು ವಿಳಂಬವಾಗಿ ಸ್ಪಂದಿಸುತ್ತದೆಂದು ಅಳೆಯಲು ನಾನು ಅನುಸರಿಸುವ ಕ್ರಮ ಸರಳವಾಗಿದೆ. ಫೋನಿನ ಕ್ಯಾಮೆರಾವನ್ನು ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು, ಹೆಬ್ಬೆರಳೂ ಟಿವಿ ಪರದೆಯೂ ಒಟ್ಟಿಗೆ ಕಾಣುವಂತೆ ನಿಲ್ಲಿಸಿ, ಜಿಗಿತದ ಬಟನ್ ಹತ್ತು ಬಾರಿ ಒತ್ತುತ್ತೇನೆ. ಆಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸುತ್ತ, ಬಟನ್ ತಳ ಮುಟ್ಟಿದ ಕ್ಷಣದಿಂದ ಪಾತ್ರದ ಕಾಲು ನೆಲ ಬಿಡುವವರೆಗೆ ಎಣಿಸುತ್ತೇನೆ. ಒಂದು ಫ್ರೇಮ್ ಎಂದರೆ ಸುಮಾರು 4 ಮಿಲಿಸೆಕೆಂಡ್. ಟಿವಿ ತನ್ನ ಕಡೆಯಿಂದ ಸೇರಿಸುವ ವಿಳಂಬವನ್ನು ತಗ್ಗಿಸುವ ಗೇಮ್ ಮೋಡ್ ಆನ್ ಮಾಡಿರಲೇಬೇಕು, ಇಲ್ಲದಿದ್ದರೆ ಟಿವಿಯ ತಪ್ಪು ಗೇಮಿನ ತಲೆಗೆ ಬರುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಈ ವಿಳಂಬ ಇಲ್ಲವೆನ್ನುವಷ್ಟು ಕಡಿಮೆ. “ಹಳೆಯದು ಕೈಗೆ ಚುರುಕಾಗಿತ್ತು” ಎಂಬ ಮಾತಿನಲ್ಲಿ ಎಷ್ಟೋ ಸಲ ನಿಜವಿರುವುದು ಇದರಿಂದಲೇ.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕೊಲೋಸಸ್‌ನಲ್ಲಿ ಹುಡುಗ ಎಡವುತ್ತ ಓಡುವುದು, ದೈತ್ಯನ ಮೈ ಅಲುಗಿದಾಗ ರೋಮ ಹಿಡಿದು ಜೋತಾಡುವುದು, ಕೈಯ ಬಲ ತೀರುತ್ತ ಬರುವುದು ನಿರ್ದೇಶಕ ಫುಮಿಟೊ ಉಏಡಾ ಅವರ ತಂಡ ಬೇಕೆಂದೇ ಇಟ್ಟದ್ದು. ಅವು 2018ರ ರೀಮೇಕಿನಲ್ಲೂ ಉಳಿದಿವೆ. ಫ್ರೇಮ್ ಕುಸಿದದ್ದನ್ನು ಯಾರೂ ಬೇಕೆಂದು ಇಟ್ಟಿರಲಿಲ್ಲ, ಆದ್ದರಿಂದ ಅದು ಹೋದದ್ದನ್ನು ನಷ್ಟವೆಂದು ಬರೆಯಲಾರೆ. ಆದರೆ ಹಳೆಯದರ ಮಬ್ಬು ಬೆಳಕು, ದೂರದ ಬೆಟ್ಟ ಕರಗಿಹೋಗುವ ಮಂಜು, ಇವು ಯಂತ್ರದ ಮಿತಿಯನ್ನು ಅರಿತೇ ಬಳಸಿಕೊಂಡ ಬಣ್ಣಗಾರಿಕೆ. ರೀಮೇಕಿನಲ್ಲಿ ಹುಲ್ಲಿನ ಗರಿ ಗರಿಯೂ ಕಾಣುವಾಗ ಆ ನಾಡಿನ ಬರಿದುತನ ಕೊಂಚ ಕಡಿಮೆಯಾಯಿತೆಂದು ನನಗನಿಸಿದೆ. ದೂರು ಬರೆಯುವುದಿದ್ದರೆ ಅಲ್ಲಿ ಬರೆಯಿರಿ.

ಉತ್ತರ: ತಡವಾಗಿ_ಬಂದವಳು

ನನ್ನದು ಬೇರೆ ಅಭಿಪ್ರಾಯ. ಮೂಲ ಬಂದಾಗ ನಾನು ಅಂಗನವಾಡಿಗೆ ಹೋಗುತ್ತಿದ್ದೆ. ಹಳೆಯದರ ಜೊತೆ ಹೋಲಿಸಿದ ನಾಲ್ಕು ಪ್ಯಾರಾ ಓದಿದ ಮೇಲೂ, ಇವತ್ತು ನನ್ನ ಹಣ ಕೊಟ್ಟು ಇದನ್ನು ಕೊಳ್ಳಬೇಕೆ ಎಂಬುದು ತಿಳಿಯದಿದ್ದರೆ ಆ ವಿಮರ್ಶೆಯಿಂದ ನನಗೆ ಉಪಯೋಗವಿಲ್ಲ. ಹೊಸಬರಿಗೆ ಅದು ಹೊಸ ಗೇಮೇ.

ಹೋಲಿಕೆಯಲ್ಲಿ ನನಗೆ ಬೇಕಾದ ಸಂಗತಿ ಒಂದೇ, ಹಳೆಯದು ಈಗಲೂ ಸಿಗುತ್ತದೆಯೇ ಎಂಬುದು. ‘ಕೇವ್ ಸ್ಟೋರಿ’ಯನ್ನು ಡೈಸುಕೆ ಅಮಾಯಾ ಒಬ್ಬರೇ ಬಿಡುವಿನ ವೇಳೆಯಲ್ಲಿ ಐದು ವರ್ಷ ಕೂತು ಮಾಡಿ 2004ರಲ್ಲಿ ಉಚಿತವಾಗಿ ಹಂಚಿದರು. ಆ ಉಚಿತ ಆವೃತ್ತಿ ಇಂದಿಗೂ ಸಿಗುತ್ತದೆ. 2011ರ ‘ಕೇವ್ ಸ್ಟೋರಿ ಪ್ಲಸ್’ ಬಗ್ಗೆ ಬರೆಯುವವರು ಈ ಮಾತನ್ನು ಬಿಟ್ಟರೆ ಓದುಗರಿಗೆ ಅನ್ಯಾಯ ಮಾಡಿದಂತೆ.

ಉತ್ತರ: ಇಡ್ಲಿ_ಪಾತ್ರೆ

ಒಬ್ಬರೇ ಮಾಡಿದ ಗೇಮ್‌ಗಳ ಮಾತು ಬಂದದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ದೊಡ್ಡ ಕಂಪನಿಗಳ ಆಸರೆಯಿಲ್ಲದೆ ಮಾಡಿದ ಇಂಡೀ ಗೇಮ್‌ಗಳಿಗೆ “ಚಿಕ್ಕ ತಂಡ, ಪಾಪ” ಎಂದು ಅಂಕ ಕೊಡುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ಎರಿಕ್ ಬರೋನ್ ಒಬ್ಬರೇ ಮಾಡಿ 2016ರಲ್ಲಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’ಗೆ ಯಾರ ಕನಿಕರವೂ ಬೇಕಾಗಲಿಲ್ಲ. ಬದಲಿಗೆ, ಗೇಮ್ ತನಗೆ ತಾನೇ ಹಾಕಿಕೊಂಡ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದೆ ಎಂದು ನೋಡಬೇಕು.

2023ರ ‘ವೆಂಬಾ’ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಕಥೆ; ಟೊರಾಂಟೊದ ವಿಸೈ ಗೇಮ್ಸ್ ಮಾಡಿದ್ದು. ಅಮ್ಮನ ಅಡುಗೆ ಪುಸ್ತಕದ ಅಕ್ಷರ ಅಳಿಸಿಹೋಗಿದೆ, ಉಳಿದ ಸುಳಿವುಗಳಿಂದ ಇಡ್ಲಿ ಬೇಯಿಸುವ ಕ್ರಮವನ್ನು ನಾವೇ ಊಹಿಸಬೇಕು. ನಮ್ಮ ಮನೆಯಲ್ಲಿ ಕಂಟ್ರೋಲರನ್ನು ಅಮ್ಮನ ಕೈಗೆ ಕೊಟ್ಟೆ. ಜೀವಮಾನದಲ್ಲಿ ಒಂದು ಗೇಮೂ ಆಡದ ಅವರು ಇಡ್ಲಿ ತಟ್ಟೆಗಳನ್ನು ಯೋಚಿಸದೆ ಜೋಡಿಸಿಬಿಟ್ಟರು. ಹೊರಗಿನ ವಿಮರ್ಶಕರಿಗೆ ಒಗಟಾದದ್ದು ಅವರಿಗೆ ಬೆಳಗಿನ ಕೆಲಸ. ಈ ಅನುಭವವನ್ನು ಬರೆಯಬಲ್ಲವರು ನಮ್ಮಂಥ ಭಾಷೆಗಳ ವಿಮರ್ಶಕರೇ.

ಆ ಗೇಮ್ ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅದನ್ನು ನೇರವಾಗಿ ಹೇಳಬೇಕು, ಆದರೆ ದೋಷದ ಪಟ್ಟಿಯಲ್ಲಿ ಸೇರಿಸಬಾರದು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದವರು ಹಣ ವಾಪಸ್ ಕೇಳಬಹುದು. ಪೂರ್ತಿ ಆಡಿಯೂ ಹಣ ಹಿಂಪಡೆಯಲು ಅವಕಾಶವಿರುವ ಇಂಥ ಚಿಕ್ಕ ಗೇಮ್‌ಗಳಿಗೆ “ಉದ್ದ ಸಾಲದು” ಎಂಬ ಒಂದು ಸಾಲು ಎಷ್ಟು ನೋವು ಕೊಡಬಲ್ಲದೆಂದು ಯೋಚಿಸಿ.

ಮರುಉತ್ತರ: ಅಟ್ಟದ_ಕನ್ಸೋಲ್

ಎಲ್ಲರಿಗೂ ಧನ್ಯವಾದ. ಭಾರದ ಬಗ್ಗೆ ಬರೆದ ಸಾಲನ್ನು ಹೊಡೆದುಹಾಕಿ, ಮಂಜಿನ ಬಗ್ಗೆ ಹೊಸ ಪ್ಯಾರಾ ಬರೆಯುತ್ತಿದ್ದೇನೆ. ಹೊಸಬರಿಗೆ ಬೇಕಾದ ಮಾತು ಮೊದಲು ಬರಲಿದೆ, ಹೋಲಿಕೆ ನಂತರ. ನನ್ನ ಹಳೆಯ ಡಿಸ್ಕ್ ಹಿಂಬದಿ ತಿರುಗಿಸಿ ನೋಡಿದೆ, ಪಿಎಎಲ್ ಎಂದೇ ಅಚ್ಚಾಗಿದೆ.