ಕಲ್ಲಿದ್ದಲು ಬಾಯ್ಲರ್‌ನ ಫ್ಯಾನ್ ವೇಗವನ್ನು ನಿಯಂತ್ರಿಸಿದರೆ ನೀರು ಮಿತಿಮೀರಿ ಕಾಯುವುದು ನಿಲ್ಲುತ್ತದೆಯೇ?

ನೀರಾವಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆಯನ್ನು ಬೆಚ್ಚಗಿಡಲು ನಾನು ಬಳಸುತ್ತಿರುವುದು ಕೈಯಿಂದ ಕಲ್ಲಿದ್ದಲು ತುಂಬುವ ಬಾಯ್ಲರ್. ಜಾಲರಿಯ ಕೆಳಗೆ ಗಾಳಿ ಊದುವ ಸಣ್ಣ ಫ್ಯಾನ್ ಒಂದಿದೆ. ಬಾಯ್ಲರ್ ಜೊತೆಗೇ ಬಂದ ಥರ್ಮೋಸ್ಟಾಟ್ ಅದನ್ನು ಒಂದೋ ಪೂರ್ಣ ವೇಗದಲ್ಲಿ ಓಡಿಸುತ್ತದೆ, ಇಲ್ಲವೇ ಪೂರ್ತಿ ನಿಲ್ಲಿಸುತ್ತದೆ. 70 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದರೆ ಫ್ಯಾನ್ ಸರಿಯಾಗಿ 70ಕ್ಕೆ ನಿಲ್ಲುತ್ತದೆ, ಆದರೆ ನೀರಿನ ತಾಪ ಮಾತ್ರ ಏರುತ್ತಲೇ ಹೋಗಿ 80 ದಾಟುತ್ತದೆ. ಚಳಿ ಅಷ್ಟಾಗಿ ಇಲ್ಲದ ದಿನಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಬೂದಿ ತೆಗೆಯುವಾಗ ಕರಗಿ ಕಲ್ಲಾದ ಹೆಂಟೆಗಳೂ ಸಿಗುತ್ತವೆ.

ಇಎಸ್‌ಪಿ32 ಬೋರ್ಡ್ (ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ಕಂಪ್ಯೂಟರ್), ನೀರಿನ ಕೊಳವೆಗಳ ಮೇಲೆ ತಾಪ ಅಳೆಯುವ ಡಿಎಸ್18ಬಿ20 ಸೆನ್ಸರ್‌ಗಳು, ಹೊಗೆಕೊಳವೆಯಲ್ಲಿ ಹೆಚ್ಚಿನ ತಾಪ ಅಳೆಯಬಲ್ಲ ಕೆ-ಮಾದರಿಯ ಥರ್ಮೋಕಪಲ್, ಫ್ಯಾನ್‌ಗೆ ಟ್ರಯಾಕ್ (ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ಚು) ಮೂಲಕ ವೇಗ ನಿಯಂತ್ರಣ, ಇಷ್ಟನ್ನು ಸೇರಿಸಿ ಹೊಸ ವ್ಯವಸ್ಥೆ ಮಾಡಬೇಕೆಂದಿದ್ದೇನೆ. ಇದರಿಂದ ನೀರು ಮಿತಿಮೀರಿ ಕಾಯುವುದು ನಿಜಕ್ಕೂ ನಿಲ್ಲುತ್ತದೆಯೇ? ಹಳೆಯ ವ್ಯವಸ್ಥೆಯಲ್ಲಿ ಯಾವುದನ್ನು ಮುಟ್ಟದೆ ಹಾಗೆಯೇ ಉಳಿಸಿಕೊಳ್ಳಬೇಕು?

ಬೂದಿಬಾಗಿಲು

ಫ್ಯಾನ್ ನಿಂತ ಕ್ಷಣವೇ ಬೆಂಕಿ ನಿಲ್ಲುವುದಿಲ್ಲ ಎಂಬುದೇ ನಿಮ್ಮ ಸಮಸ್ಯೆಯ ಮೂಲ. ಲೆಕ್ಕ ಹಾಕಿ ನೋಡಿ: 100 ಲೀಟರ್ ನೀರಿನ ತಾಪವನ್ನು 10 ಡಿಗ್ರಿ ಏರಿಸಲು ಬೇಕಾದದ್ದು ಸುಮಾರು 4.2 ಮೆಗಾಜೂಲ್ ಶಾಖ. ಒಳ್ಳೆಯ ಕಲ್ಲಿದ್ದಲು ಕಿಲೋಗೆ 25ರಿಂದ 30 ಮೆಗಾಜೂಲ್ ಕೊಡುತ್ತದೆ. ಅಂದರೆ ಬರೀ 150 ಗ್ರಾಂನಷ್ಟು ಕಲ್ಲಿದ್ದಲಿನ ಶಾಖ ಪೂರ್ತಿಯಾಗಿ ನೀರಿಗೆ ಸೇರಿದರೆ ನೀವು ಹೇಳುವ ಏರಿಕೆ ಆಗಿಹೋಗುತ್ತದೆ. ಜಾಲರಿಯ ಮೇಲೆ ನಿಗಿನಿಗಿ ಉರಿಯುವ ಕೆಂಡದ ಹಾಸು ಹಲವು ಕಿಲೋ ಇರುವಾಗ, ಫ್ಯಾನ್ ನಿಂತ ಮೇಲೂ ಅಷ್ಟು ಶಾಖ ಬರುವುದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಬೋರ್ಡ್ ಕೊಳ್ಳುವ ಮೊದಲು ಗಾಳಿಯ ದಾರಿಗಳನ್ನು ಪರೀಕ್ಷಿಸಿ. ಫ್ಯಾನ್ ನಿಂತಾಗ ಅದರ ಬಾಯಿಯಲ್ಲಿರುವ ತಗಡಿನ ಮುಚ್ಚಳ ತಾನಾಗಿ ಬಿದ್ದು ಮುಚ್ಚಬೇಕು. ಹಾರುಬೂದಿ ಕೂತು ಅದು ಅರ್ಧ ತೆರೆದೇ ನಿಂತಿದ್ದರೆ ಚಿಮಣಿಯ ಸೆಳೆತವೇ ಬೆಂಕಿಗೆ ಗಾಳಿ ಎಳೆದು ಕೊಡುತ್ತದೆ. ಗಾಳಿ ಸೋರದಂತೆ ಬೂದಿ ಬಾಗಿಲಿನ ಸುತ್ತ ಕೂರಿಸಿರುವ ಹಗ್ಗವನ್ನೂ ನೋಡಿ: ಒಂದು ಕಾಗದದ ಚೂರನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ, ಅದು ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಸೋರುವ ಬಾಯ್ಲರ್‌ಗೆ ಎಷ್ಟು ಜಾಣ ನಿಯಂತ್ರಕ ಹಾಕಿದರೂ ಫ್ಯಾನ್ ಅನ್ನು ನಿಲ್ಲಿಸುವುದರ ಆಚೆಗೆ ಅದಕ್ಕೆ ಬೇರೆ ಉಪಾಯವಿರುವುದಿಲ್ಲ.

ಫ್ಯಾನ್ ವೈರನ್ನು ಮುಟ್ಟದೆ ಮೊದಲು ಸೆನ್ಸರ್‌ಗಳನ್ನಷ್ಟೇ ಹಾಕಿ, ಹತ್ತು ಸೆಕೆಂಡಿಗೊಮ್ಮೆ ಮಾಪನ ದಾಖಲಿಸಿ. ಹೊರಹೋಗುವ ನೀರು, ಮರಳುವ ನೀರು, ಹೊಗೆ, ಮತ್ತು ಫ್ಯಾನ್ ಓಡುತ್ತಿದೆಯೋ ಇಲ್ಲವೋ ಎಂಬುದು, ಈ ನಾಲ್ಕೂ ಒಂದೇ ನಕ್ಷೆಯಲ್ಲಿ ಕಾಣುವಂತಿರಲಿ. ಹೊಗೆಯ ಥರ್ಮೋಕಪಲ್ ಅನ್ನು ಬಾಯ್ಲರ್‌ಗೆ ಹತ್ತಿರ, ಸೆಳೆತ ಹತೋಟಿಯಲ್ಲಿಡುವ ತೂಗುಮುಚ್ಚಳಕ್ಕಿಂತ ಮುಂಚೆಯೇ ಕೂರಿಸಿ. ಅದರಾಚೆ ಕೋಣೆಯ ತಣ್ಣನೆಯ ಗಾಳಿ ಬೆರೆತು ಅಂಕಿ ಸುಳ್ಳಾಗುತ್ತದೆ. ಫ್ಯಾನ್ ನಿಂತ ಮೇಲೆ ಹೊಗೆಯ ತಾಪ ಬೇಗ ಇಳಿಯಲಾರಂಭಿಸಿದರೆ ಅದು ಕೆಂಡದ ಉಳಿದ ಶಾಖ, ಇಳಿಯದೆ ಹಾಗೆಯೇ ಉಳಿದರೆ ಅದು ಗಾಳಿಯ ಸೋರಿಕೆ. ಮರಳುವ ನೀರು ಬಹಳ ಹೊತ್ತು 55 ಡಿಗ್ರಿಗಿಂತ ಕೆಳಗಿದ್ದರೆ ಬಾಯ್ಲರ್‌ನ ಒಳಗೋಡೆಯ ಮೇಲೆ ಹೊಗೆಯ ತೇವ ಕಟ್ಟಿ ಉಕ್ಕು ತುಕ್ಕು ಹಿಡಿಯುತ್ತದೆ. ಇದೂ ಆ ನಕ್ಷೆಯಿಂದಲೇ ತಿಳಿಯುತ್ತದೆ.

ತಂತಿಜೋಡಣೆ

ನಾನು ವಿದ್ಯುತ್ತಿನ ಭಾಗದ ಬಗ್ಗೆ ಬರೆಯುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದರಿಂದ ಅದಕ್ಕೆ ಮೊದಲು ಉತ್ತರ: ಯಾಂತ್ರಿಕ ಮಿತಿ ಸ್ವಿಚ್ಚು ಇರಲೇಬೇಕು, ಮತ್ತು ಅದು ನಿಮ್ಮ ಬೋರ್ಡಿನ ಮಾತು ಕೇಳುವಂತಿರಬಾರದು. ಟ್ರಯಾಕ್ ಆಗಲಿ, ಸಾಲಿಡ್ ಸ್ಟೇಟ್ ರಿಲೇ (ಚಲಿಸುವ ಭಾಗಗಳಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚು) ಆಗಲಿ, ಕೆಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಆಗ ಪ್ರೋಗ್ರಾಂ ಎಷ್ಟೇ ಸರಿಯಿದ್ದರೂ ಫ್ಯಾನ್ ಪೂರ್ಣ ವೇಗದಲ್ಲಿ ಓಡುತ್ತಲೇ ಇರುತ್ತದೆ. ಆದ್ದರಿಂದ ಸುಮಾರು 90 ಡಿಗ್ರಿಗೆ ತಾನಾಗಿ ಸಂಪರ್ಕ ಕಡಿಯುವ, ಕೈಯಿಂದಲೇ ಮರಳಿ ಒತ್ತಬೇಕಾದ ಸ್ವಿಚ್ಚನ್ನು ಫ್ಯಾನ್‌ನ ಫೇಸ್ ತಂತಿಯಲ್ಲಿ ಸರಣಿಯಾಗಿ ಜೋಡಿಸಿ. ಈಗಿರುವ ಥರ್ಮೋಸ್ಟಾಟ್ ಅನ್ನೂ ಕಿತ್ತುಹಾಕಬೇಡಿ. ಅದನ್ನು ಎಂಬತ್ತರ ಆಸುಪಾಸಿಗೆ ಏರಿಸಿ ಅದೇ ಸರಣಿಯಲ್ಲಿ ಉಳಿಸಿದರೆ ಎರಡನೆಯ ಕಾವಲಾಗುತ್ತದೆ. ಒತ್ತಡ ಬಿಡುಗಡೆ ಕವಾಟದ ತಂಟೆಗೆ ಯಾವ ಕಾರಣಕ್ಕೂ ಹೋಗಬೇಡಿ.

ಇನ್ನು ಮೋಟಾರು. ಶೇಡೆಡ್ ಪೋಲ್ ಮೋಟಾರು (ಕೆಪಾಸಿಟರ್ ಇಲ್ಲದ ಸರಳ ಮಾದರಿ) ಟ್ರಯಾಕ್‌ಗೆ ಸಾಕಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಕೆಪಾಸಿಟರ್ ಸದಾ ಜೋಡಿಸಿಕೊಂಡಿರುವ ಮಾದರಿಯೂ ತಯಾರಕರು ವೇಗ ನಿಯಂತ್ರಣಕ್ಕೆ ಒಪ್ಪಿದ್ದರೆ ಸರಿ. ವೋಲ್ಟೇಜ್ ಇಳಿದಂತೆ ತಿರುಗುಬಲ ಅದರ ವರ್ಗದಂತೆ ಇಳಿಯುವುದರಿಂದ, ಅರ್ಧ ವೋಲ್ಟೇಜ್‌ನಲ್ಲಿ ಕಾಲು ಭಾಗ ಬಲವಷ್ಟೇ ಉಳಿಯುತ್ತದೆ. ಮೋಟಾರು ನಿಂತು ಗುಂಯ್‌ಗುಟ್ಟುತ್ತಾ ಬಿಸಿಯಾಗುವುದು ಇಲ್ಲಿಯೇ. ಹಾಗಾಗಿ ಪ್ರತಿ ಸಲ ಒಂದೆರಡು ಸೆಕೆಂಡು ಪೂರ್ಣ ವೋಲ್ಟೇಜ್ ಕೊಟ್ಟು ಹೊರಡಿಸಿ, ಆಮೇಲೆ ವೇಗ ಇಳಿಸಿ. ಖಚಿತವಾಗಿ ತಿರುಗುವ ಕನಿಷ್ಠ ವೇಗವನ್ನು ಗುರುತಿಸಿಕೊಂಡು ಅದಕ್ಕಿಂತ ಕೆಳಗೆ ಹೋಗದಂತೆ ಪ್ರೋಗ್ರಾಂನಲ್ಲೇ ಕಟ್ಟು ಹಾಕಿ. ಎಸಿ ವೋಲ್ಟೇಜ್ ಶೂನ್ಯ ದಾಟುವಾಗಷ್ಟೇ ಚಾಲೂ ಆಗುವ ರಿಲೇಗಳು ಈ ರೀತಿಯ ನಿಯಂತ್ರಣಕ್ಕೆ ಬರುವುದಿಲ್ಲ. ರೆಕ್ಕೆಗೆ ಸಣ್ಣ ಅಯಸ್ಕಾಂತ ಅಂಟಿಸಿ ಅದು ಹಾದುಹೋಗುವುದನ್ನು ಗುರುತಿಸುವ ಹಾಲ್ ಸೆನ್ಸರ್ ಇಟ್ಟರೆ ಫ್ಯಾನ್ ನಿಜವಾಗಿ ತಿರುಗುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಆಜ್ಞೆ ಹೋಗಿದೆ ಎಂಬುದಕ್ಕೂ ಗಾಳಿ ಹೋಗಿದೆ ಎಂಬುದಕ್ಕೂ ವ್ಯತ್ಯಾಸವಿದೆ.

ಡಿಎಸ್18ಬಿ20 ಬಗ್ಗೆ ಒಂದು ಎಚ್ಚರಿಕೆ. ವಿದ್ಯುತ್ ಬಂದ ಕೂಡಲೇ, ಅಳತೆ ಮುಗಿಯುವ ಮೊದಲೇ ಓದಿದರೆ ಅದು ಸರಿಯಾಗಿ 85 ಡಿಗ್ರಿ ತೋರಿಸುತ್ತದೆ. ಬೇರೆಡೆ ಇದು ತಪ್ಪೆಂದು ಥಟ್ಟನೆ ಗೊತ್ತಾಗುತ್ತದೆ, ಆದರೆ ಬಾಯ್ಲರ್‌ನಲ್ಲಿ 85 ನಿಜವಾಗಿಯೂ ಬರಬಹುದಾದ ತಾಪ. ಹಿಂದಿನ ಓದಿಗೂ ಇದಕ್ಕೂ ಅಸಹಜ ಅಂತರವಿದ್ದರೆ ಮತ್ತೊಮ್ಮೆ ಓದಿ ಖಚಿತಪಡಿಸಿಕೊಳ್ಳುವಂತೆ ಬರೆಯಿರಿ. ಸೆನ್ಸರ್ ಕಡಿದುಹೋದರೆ ಹಳೆಯ ಅಂಕಿಯನ್ನೇ ನಂಬಿಕೊಂಡು ಕೂರದೆ ಫ್ಯಾನ್ ನಿಲ್ಲಬೇಕು. ನಿಯಂತ್ರಣವೆಲ್ಲ ಬೋರ್ಡಿನ ಒಳಗೇ ನಡೆಯಲಿ, ವೈಫೈ ನೋಡುವುದಕ್ಕಷ್ಟೇ ಇರಲಿ.

ನೀರಾವಿ

ಇಬ್ಬರಿಗೂ ಧನ್ಯವಾದಗಳು. ಮೊದಲು ದಾಖಲೆ, ಆಮೇಲೆ ಬದಲಾವಣೆ ಎಂಬುದನ್ನು ಒಪ್ಪುತ್ತೇನೆ. ಸೆನ್ಸರ್‌ಗಳನ್ನು ಹಾಕಿ ನೋಡಿದಾಗ, ಫ್ಯಾನ್ ನಿಂತ ಮೇಲೆ ಹೊಗೆಯ ತಾಪ ಸ್ವಲ್ಪ ಇಳಿದು ಅಲ್ಲಿಯೇ ಸಮನಾಗಿ ನಿಲ್ಲುವುದು ಕಂಡಿತು. ಮುಚ್ಚಳವನ್ನು ಬಿಚ್ಚಿ ನೋಡಿದರೆ ಅದರ ಕೀಲಿನಲ್ಲಿ ಬೂದಿ ಗಟ್ಟಿಯಾಗಿ ಕೂತಿತ್ತು. ಸ್ವಚ್ಛಗೊಳಿಸಿದ ಮೇಲೆ ಏರಿಕೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇನ್ನು ವೇಗ ನಿಯಂತ್ರಣದ ಸೂತ್ರ ಹೇಗಿರಬೇಕು? ಪಿಐಡಿ (ಗುರಿಗೂ ಈಗಿನ ತಾಪಕ್ಕೂ ಇರುವ ವ್ಯತ್ಯಾಸ, ಹಿಂದಿನ ವ್ಯತ್ಯಾಸಗಳ ಮೊತ್ತ, ವ್ಯತ್ಯಾಸ ಬದಲಾಗುವ ವೇಗ, ಈ ಮೂರನ್ನೂ ಲೆಕ್ಕ ಹಾಕುವ ಸೂತ್ರ) ಬೇಕೇ? ನನ್ನ ಕಲ್ಲಿದ್ದಲು ಹೊಗೆ ಹೆಚ್ಚಿರುವ ಬಿಟುಮಿನಸ್ ಜಾತಿಯದು.

ಕೆಂಡದಹಾಸು

ಕಲ್ಲಿದ್ದಲಿನ ಜಾತಿಯನ್ನು ಹೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಸೂತ್ರವನ್ನು ನಿರ್ಧರಿಸುವುದು ಬಹುಪಾಲು ಅದೇ. ಬಿಟುಮಿನಸ್ ಕಲ್ಲಿದ್ದಲನ್ನು ಕೆಂಡದ ಮೇಲೆ ಸುರಿದಾಗ ಉರಿಯಬಲ್ಲ ಅನಿಲ ಹೇರಳವಾಗಿ ಹೊರಡುತ್ತದೆ. ಫ್ಯಾನ್ ನಿಂತಿದ್ದು ಜ್ವಾಲೆ ಆರಿದ್ದರೆ ಆ ಅನಿಲ ಒಲೆಯ ಮೇಲ್ಭಾಗದಲ್ಲಿ ಸೇರಿಕೊಳ್ಳುತ್ತದೆ. ಆಗ ಒಮ್ಮೆಲೇ ಪೂರ್ಣ ಗಾಳಿ ನುಗ್ಗಿದರೆ ಅದೆಲ್ಲ ಒಟ್ಟಿಗೆ ಹೊತ್ತಿಕೊಂಡು ಬಾಗಿಲು ಅದುರುವಂತೆ ಧಡಾರನೆ ಸಿಡಿಯುತ್ತದೆ, ಹೊಗೆಕೊಳವೆಯ ಜೋಡಣೆ ಕಳಚುವುದೂ ಉಂಟು. ಹಾಗಾಗಿ ಒಮ್ಮೆಗೇ ಓಡು, ಒಮ್ಮೆಗೇ ನಿಲ್ಲು ಎಂಬ ನಿಯಂತ್ರಣಕ್ಕಿಂತ ನಿಧಾನವಾಗಿ ಏರಿಳಿಯುವ ಗಾಳಿಯೇ ಇದಕ್ಕೆ ಹೇಳಿ ಮಾಡಿಸಿದ್ದು. ಮೋಟಾರಿಗೆ ಆರಂಭದಲ್ಲಿ ಕೊಡುವ ಒಂದೆರಡು ಸೆಕೆಂಡಿನ ಪೂರ್ಣ ವೋಲ್ಟೇಜ್ ಹೊರತು, ಕನಿಷ್ಠದಿಂದ ಗರಿಷ್ಠ ವೇಗಕ್ಕೆ ಹೋಗಲು ಕೆಲವು ನಿಮಿಷ ಹಿಡಿಯಲಿ. ಆ ಸೆಕೆಂಡುಗಳಲ್ಲೂ ಗಾಳಿ ಹೆಚ್ಚು ನುಗ್ಗದಂತೆ ಫ್ಯಾನ್ ಬಾಯಿಯ ತೆರಪನ್ನು ಕಿರಿದಾಗಿಡಿ. ಬೆಂಕಿಯ ಮೇಲಿನಿಂದ ಬರುವ ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚಲೇಬೇಡಿ.

ಪಿಐಡಿ ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಗಾಳಿ ಬದಲಿಸಿದ್ದು ನೀರಿನಲ್ಲಿ ಕಾಣಲು ಹಲವು ನಿಮಿಷ ಬೇಕು. ಅಷ್ಟರಲ್ಲಿ ಹಿಂದಿನ ವ್ಯತ್ಯಾಸವನ್ನು ಕೂಡಿಸುತ್ತಾ ಹೋಗುವ ಭಾಗ ಬೆಳೆದು ನಿಂತು, ನೀರು ಗುರಿ ಮುಟ್ಟಿದ ಮೇಲೂ ಫ್ಯಾನ್ ಅನ್ನು ಓಡಿಸುತ್ತದೆ. ಗುರಿಗಿಂತ 10 ಡಿಗ್ರಿ ಕೆಳಗಿದ್ದಾಗ ಪೂರ್ಣ ವೇಗ, ಅಲ್ಲಿಂದ ಗುರಿಯವರೆಗೆ ಸಮವಾಗಿ ಇಳಿದು ಕನಿಷ್ಠ ವೇಗ, ಗುರಿಯನ್ನು 2 ಡಿಗ್ರಿ ದಾಟಿದರೆ ನಿಲುಗಡೆ, ಇಷ್ಟು ಸಾಕು. ಫ್ಯಾನ್ ಬಹಳ ಹೊತ್ತು ನಿಂತೇ ಇದ್ದರೆ ಆಗಾಗ ಒಂದು ನಿಮಿಷ ಕನಿಷ್ಠ ವೇಗದಲ್ಲಿ ಓಡಿಸಿ. ಇದು ಕೆಂಡ ಆರದಂತೆಯೂ ಅನಿಲ ಕಟ್ಟಿಕೊಳ್ಳದಂತೆಯೂ ಕಾಯುತ್ತದೆ. ಹೆಂಟೆಗಳೂ ಇದರಿಂದಲೇ ಕಡಿಮೆಯಾಗಬಹುದು: ಪೂರ್ಣ ಗಾಳಿಯಲ್ಲಿ ಕೆಂಡದ ತಾಪ ಬೂದಿ ಕರಗುವ ಮಟ್ಟ ಮುಟ್ಟುವುದರಿಂದಲೇ ಅವು ಕಟ್ಟುತ್ತವೆ.

ಕಲ್ಲಿದ್ದಲು ತುಂಬುವ ಬಾಗಿಲಿಗೆ ಸ್ವಿಚ್ಚು ಹಾಕಿ, ಬಾಗಿಲು ತೆರೆದೊಡನೆ ಫ್ಯಾನ್ ನಿಲ್ಲುವಂತೆ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಈ ವ್ಯವಸ್ಥೆಗೆ ಸೇರದೆ, ತನ್ನದೇ ಬ್ಯಾಟರಿಯಲ್ಲಿ ಪ್ರತ್ಯೇಕವಾಗಿ ಇರಲಿ; ಮಲಗುವ ಕೋಣೆಯ ಹತ್ತಿರವೂ ಒಂದಿರಲಿ.

ಕರೆಂಟು ಹೋದಾಗ ಫ್ಯಾನ್ ತಾನಾಗಿ ನಿಲ್ಲುತ್ತದೆ, ಅದು ಸರಿ. ಆದರೆ ಪಂಪೂ ನಿಲ್ಲುತ್ತದೆ, ಕೆಂಡದ ಶಾಖಕ್ಕೆ ಹೋಗಲು ದಾರಿ ಇರುವುದಿಲ್ಲ. ವಿದ್ಯುತ್ ಇಲ್ಲದಾಗ ತಾನೇ ತೆರೆದುಕೊಳ್ಳುವ ಕವಾಟವನ್ನು ಬಾಯ್ಲರ್‌ಗಿಂತ ಮೇಲಿರುವ ಒಂದು ರೇಡಿಯೇಟರ್ ದಾರಿಯಲ್ಲಿ ಹಾಕಿದರೆ, ಬಿಸಿನೀರು ತಾನಾಗಿ ಮೇಲೇರಿ ಶಾಖವನ್ನು ಅಲ್ಲಿ ಬಿಡುತ್ತದೆ. ಎಲ್ಲ ಜೋಡಿಸಿದ ಮೇಲೆ, ಬೆಂಕಿ ಸಣ್ಣದಾಗಿರುವಾಗ ನೀವು ಹತ್ತಿರ ನಿಂತೇ ಮುಖ್ಯ ಸ್ವಿಚ್ಚು ಆರಿಸಿ, ನೀರಿನ ತಾಪ ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಬಾಯ್ಲರ್ ಮೇಲಿನ ಮುಳ್ಳಿನ ಮಾಪಕದಲ್ಲೇ ನೋಡಿ ಬರೆದಿಟ್ಟುಕೊಳ್ಳಿ.